ಮನ್ನ ನಿಂತ ಮಾರನೇ ದಿನ

ಕಲಬುರಗಿಯಲ್ಲಿ ನನಗೆ ಹೊಸ ವರ್ಷ ಎರಡು ಕಡೆಯಿಂದ ಬರುತ್ತದೆ. ಡಿಸೆಂಬರ್ 31ರ ರಾತ್ರಿ ಚರ್ಚಿನಿಂದ ಒಂದು, ಗಂಜ್ ಮಾರುಕಟ್ಟೆಗೆ ಬಂದು ಬೀಳುವ ಹೊಸ ತೊಗರಿಯಿಂದ ಇನ್ನೊಂದು. ದಾಲ್ ಮಿಲ್‌ನಲ್ಲಿ ದುಡಿಯುವವರಿಗೆ ಜನವರಿ ಅಂದರೆ ಸೀಜನ್. ಊಟಕ್ಕೂ ಪುರುಸೊತ್ತು ಇರಲ್ಲ.

ಹಳೇ ಮಿಲ್‌ನಲ್ಲಿ ನನ್ನ ಕೆಲಸ ಒಣಗಿಸುವ ಅಂಗಳದಲ್ಲಿ. ಗುಲಬರ್ಗಾ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ ಮಾಲು ಅನ್ನುವ ಸರ್ಕಾರಿ ಗುರುತು, ಸಿಕ್ಕಿದ್ದು ಎಲ್ಲರಿಗೂ ಗೊತ್ತು. ಆ ಬೇಳೆ ಆಗುವುದು ಹೇಗೆ ಅನ್ನುವುದು ತಿನ್ನುವವರಿಗೆ ಅಷ್ಟಾಗಿ ಗೊತ್ತಿರಲ್ಲ. ತೊಗರಿ ಸಿಪ್ಪೆ ಸುಮ್ನೆ ಬಿಡುವುದಿಲ್ಲ. ಸಿಪ್ಪೆಗೂ ಬೇಳೆಗೂ ನಡುವೆ ಅಂಟು ಇರುತ್ತದೆ. ಮೊದಲು ರೋಲರ್‌ನಲ್ಲಿ ಕಾಳಿನ ಮೈ ಗೀರಬೇಕು. ಸ್ವಲ್ಪ ಎಣ್ಣೆ ಹಚ್ಚಿ ರಾಶಿ ಹಾಕಬೇಕು. ಆಮೇಲೆ ದಿನಗಟ್ಟಲೆ ಬಿಸಿಲಿಗೆ ಹರವಬೇಕು, ಸಂಜೆ ಬಳಿದು ತಾಡಪತ್ರಿ ಹೊದಿಸಬೇಕು. ಒಣಗಿತಾ ಇಲ್ವಾ ಅಂತ ನೋಡಲು ನಾನು ಒಂದು ಕಾಳು ಬಾಯಿಗೆ ಹಾಕಿ ಕಡಿಯುತ್ತಿದ್ದೆ. ಕಟ್ ಅಂತ ಒಡೆದರೆ ಸರಿ. ಹಲ್ಲಿಗೆ ಮೆತ್ತಗೆ ಸಿಕ್ಕರೆ ಇನ್ನೊಂದು ಬಿಸಿಲು ಬೇಕು. ಹಸಿ ಕಾಳನ್ನೇ ಮಿಲ್‌ಗೆ ಹಾಕಿದರೆ ಸಿಪ್ಪೆ ಬಿಡಲ್ಲ, ಮತ್ತೆ ಮತ್ತೆ ಹಾಕಬೇಕು, ಕೊನೆಗೆ ನುಚ್ಚೇ ಜಾಸ್ತಿ. ಈ ವಿಷಯದಲ್ಲಿ ಸೇಟ್‌ಜೀ ಕೂಡ ನನ್ನ ಹಲ್ಲಿನ ಮಾತು ಕೇಳುತ್ತಿದ್ದರು.

ಆ ಮಿಲ್ ಮುಚ್ಚಿತು. ಮಾಲೀಕರ ಮನೆಯಲ್ಲಿ ಪಾಲಾಯಿತು, ಅಂಗಳ ಪ್ಲಾಟ್ ಆಯಿತು. ಅದು ಅಷ್ಟೇ.

ಚರ್ಚಿನ ಸಭೆಯಲ್ಲಿ ಎಲ್ಲರೂ ಪ್ರೀತಿಯಿಂದಲೇ ಮಾತಾಡಿಸಿದರು. ‘ದೇವರು ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆಗೀತಾನ್ರೀ’ ಅಂದವರೇ ಜಾಸ್ತಿ. ಒಳ್ಳೆಯ ಮಾತೇ, ಆದರೆ ಬೈಬಲ್ಲಿನಲ್ಲಿ ಹಾಗೆ ಎಲ್ಲೂ ಬರೆದಿಲ್ಲ. ಮನೆಯಲ್ಲಿ ಖಾಲಿ ಕೂತವನಿಗೆ ಅದನ್ನು ದಿನಾ ಕೇಳಿದರೆ ಸ್ವಲ್ಪ ಸಿಟ್ಟೂ ಬರುತ್ತದೆ.

ನನ್ನನ್ನು ಹಿಡಿದದ್ದು ಬೇರೆ ಎರಡು ಮಾತು.

ನಮ್ಮ ಮೆಥಡಿಸ್ಟ್ ಕ್ರೈಸ್ತರಲ್ಲಿ ಒಡಂಬಡಿಕೆಯ ಆರಾಧನೆ ಅಂತ ಒಂದಿದೆ. ಮೆಥಡಿಸ್ಟ್ ಪಂಥಕ್ಕೆ ಮೂಲವಾದ ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಶುರು ಮಾಡಿದ್ದು. ಈಗ ಸಾಮಾನ್ಯವಾಗಿ ಹೊಸ ವರ್ಷದಲ್ಲೇ ಮಾಡುತ್ತಾರೆ. ಅದರ ಪ್ರಾರ್ಥನೆಯಲ್ಲಿ ನಾವು ದೇವರಿಗೆ ಹೀಗೆ ಒಪ್ಪಿಸಿಕೊಳ್ಳುತ್ತೇವೆ: ನಿನಗಾಗಿ ನನ್ನನ್ನು ಕೆಲಸಕ್ಕೆ ಹಚ್ಚು, ಇಲ್ಲ ನಿನಗಾಗಿಯೇ ಪಕ್ಕಕ್ಕೆ ಇಡು. ಎಷ್ಟೋ ವರ್ಷ ಗಡಗಡ ಓದಿ ಮನೆಗೆ ಹೋಗಿದ್ದೇನೆ. ಕೆಲಸ ಇಲ್ಲದ ಆ ಜನವರಿಯಲ್ಲಿ ‘ಪಕ್ಕಕ್ಕೆ ಇಡು’ ಅನ್ನುವಲ್ಲಿ ನಾಲಿಗೆ ಹೊರಳಲಿಲ್ಲ. ಹೊರಗೆ ರಸ್ತೆಯಲ್ಲಿ ತೊಗರಿ ಲಾರಿಗಳು ಹೋಗುತ್ತಿದ್ದವು, ಯಾರಿಗೋ ಸೀಜನ್ ನಡೆದಿತ್ತು.

ಇನ್ನೊಂದು, ಬೈಬಲ್ಲಿನ ಯೆಹೋಶುವನ ಪುಸ್ತಕದ ಐದನೇ ಅಧ್ಯಾಯ. ಇಸ್ರಾಯೇಲ್ಯರು ಮರುಭೂಮಿಯಲ್ಲಿ ನಲವತ್ತು ವರ್ಷ ಮನ್ನ, ಅಂದರೆ ದೇವರು ಆಕಾಶದಿಂದ ಕೊಟ್ಟ ಆಹಾರ, ತಿಂದವರು. ಬೆಳಿಗ್ಗೆ ಎದ್ದು ಕೂಡಿಸಿಕೊಂಡರೆ ಸಾಕು, ಬಿತ್ತುವುದಿಲ್ಲ, ರಾಶಿ ಮಾಡುವುದಿಲ್ಲ. ಯೊರ್ದನ್ ನದಿ ದಾಟಿ ಗಿಲ್ಗಾಲಿನಲ್ಲಿ ಪಸ್ಕ ಹಬ್ಬ ಆಚರಿಸಿ, ಆ ನೆಲದ ಬೆಳೆಯಿಂದ ಹುಳಿಯಿಲ್ಲದ ರೊಟ್ಟಿ, ಹುರಿಗಾಳು ತಿಂದರು. ಮಾರನೇ ದಿನ ಮನ್ನ ನಿಂತುಹೋಯಿತು. ಪುಸ್ತಕ ಇದನ್ನು ಒಂದೇ ವಚನದಲ್ಲಿ ಹೇಳಿ ಮುಂದೆ ಹೋಗುತ್ತದೆ.

ಕಾಳು ಒಣಗಿಸುವವನಿಗೆ ಈ ವಚನ ಬೇರೆ ಥರ ಕಾಣುತ್ತದೆ. ಮನ್ನ ನಿಂತಾಗ ದೇವರು ಕೈಬಿಟ್ಟಿರಲಿಲ್ಲ, ಕೊಡುವ ದಾರಿ ಬದಲಿಸಿದ್ದ. ಆ ಹೊಸ ದಾರಿಯಲ್ಲಿ ಕೆಲಸ ಜಾಸ್ತಿ: ಕೊಯ್ಯಬೇಕು, ಬಡಿಯಬೇಕು, ಬೀಸಬೇಕು. ಮರುಭೂಮಿಯಲ್ಲೇ ಹುಟ್ಟಿ ಬೆಳೆದವರಿಗೆ ಕುಡುಗೋಲು ಹಿಡಿಯುವುದನ್ನು ಯಾರು ಕಲಿಸಿದರೋ! ಹೊಸ ಆರಂಭ ಬೇಕು ಅಂತ ಪ್ರಾರ್ಥನೆ ಮಾಡುವಾಗ ನಾವು ಸಾಮಾನ್ಯವಾಗಿ ಇನ್ನಷ್ಟು ಮನ್ನವನ್ನೇ ಕೇಳುತ್ತಿರುತ್ತೇವೆ ಅಂತ ನನಗೆ ಅನ್ನಿಸುತ್ತದೆ. ನಾನಂತೂ ಕೇಳಿದ್ದು ಅಂಥದ್ದೇ ಒಂದು ಅಂಗಳ.

ಸಿಕ್ಕಿದ್ದು ಅಂಗಳವೇ ಇಲ್ಲದ ಮಿಲ್. ಡ್ರೈಯರ್ ಇದೆ, ಬಿಸಿಲಿನ ಹಂಗಿಲ್ಲ. ನನ್ನನ್ನು ಹಾಕಿದ್ದು ಬೇಳೆಯ ಬಣ್ಣ ನೋಡಿ ಬೇರೆ ಮಾಡುವ ಸೋರ್ಟೆಕ್ಸ್ ಹತ್ತಿರ. ಬೇಳೆ ಜಾರುತ್ತಾ ಬರುತ್ತದೆ, ಕ್ಯಾಮೆರಾ ನೋಡುತ್ತದೆ, ಕಪ್ಪು ಕಾಳು ಕಂಡರೆ ಗಾಳಿ ಫುಸ್ ಅಂತ ಊದಿ ಅದೊಂದನ್ನೇ ಹಾರಿಸುತ್ತದೆ. ಕಲಿಸುವವನು ನನ್ನ ಮಗನಿಗಿಂತ ಚಿಕ್ಕವನು. ‘ಕಾಕಾ, ಕಾಳು ಆಮ್ಯಾಲ ನೋಡ್ರಿ, ಮೊದಲ ಪರದೆ ನೋಡ್ರಿ’ ಅನ್ನುತ್ತಿದ್ದ. ಒಮ್ಮೆ ಹೇಳಿದ್ದನ್ನೇ ಮತ್ತೆ ಕೇಳಿದರೂ ಬೇಜಾರು ಮಾಡಿಕೊಳ್ಳಲಿಲ್ಲ. ನಾನು ಎರಡನೇ ಸಲ ಕೇಳಲು ಹಿಂಜರಿಯುತ್ತಿದ್ದೆ, ವಯಸ್ಸಿನ ಬಿಗುಮಾನ ಅಷ್ಟು ಸುಲಭಕ್ಕೆ ಹೋಗಲ್ಲ ಅಲ್ವಾ? ಒಂದು ನೋಟ್‌ಬುಕ್ ಇಟ್ಟುಕೊಂಡು ಯಾವ ಮಾಲಿಗೆ ಯಾವ ಸೆಟ್ಟಿಂಗ್ ಅಂತ ಬರೆದುಕೊಂಡೆ. ದೇವರ ನಂಬಿಗಸ್ತಿಕೆ ಆ ತಿಂಗಳುಗಳಲ್ಲಿ ನನಗೆ ಕಂಡದ್ದು ಆ ಹುಡುಗನ ತಾಳ್ಮೆಯಲ್ಲಿ. ಅವನು ದರ್ಗಾಕ್ಕೆ ಹೋಗುವವನು. ಚರ್ಚಿನಲ್ಲಿ ನನ್ನ ಸಾಕ್ಷಿ ಹೇಳುವಾಗ ಇದನ್ನೂ ಸೇರಿಸಿ ಹೇಳಿದೆ, ಒಬ್ಬಿಬ್ಬರು ಹುಬ್ಬೇರಿಸಿದರು.

ಹೊಸ ಮಿಲ್‌ನಲ್ಲಿ ತೇವ ನೋಡಲು ಮೀಟರ್ ಇದೆ. ಆದರೂ ಡ್ರೈಯರ್‌ನಿಂದ ಮಾಲು ಬಂದಾಗ ಹುಡುಗ ಈಗ ನಾಲ್ಕು ಕಾಳು ನನ್ನ ಕೈಗೆ ಹಾಕುತ್ತಾನೆ. ಮೀಟರಿಗೂ ನನ್ನ ಹಲ್ಲಿಗೂ ಬಹುತೇಕ ಜಗಳ ಇಲ್ಲ.

ಒಂದೇ ತೊಂದರೆ. ಮೊದಲು ಮಳೆಗಾಲದಲ್ಲಿ ಬಿಸಿಲಿಲ್ಲದೆ ಕೆಲಸ ನಿಲ್ಲುತ್ತಿತ್ತು. ಈಗ ಮಳೆಯಲ್ಲೂ ಮಿಲ್ ನಡೆಯುತ್ತದೆ, ಭಾನುವಾರವೂ ಪಾಳಿ ಬೀಳುತ್ತದೆ. ಬೆಳಗಿನ ಪಾಳಿ ಬದಲು ರಾತ್ರಿಯದ್ದು ಕೊಡಿ ಅಂತ ಮ್ಯಾನೇಜರ್ ಹತ್ತಿರ ಕೇಳಿದ್ದೇನೆ. ‘ನೋಡೋಣ್ರಿ’ ಅಂದಿದ್ದಾರೆ.