ಮೇ ತಿಂಗಳಲ್ಲಿ ಮಲ್ಪೆಯಿಂದ ಕಾರವಾರಕ್ಕೆ

ಬೇಸಿಗೆಯಲ್ಲಿ ಕರಾವಳಿಗಾ, ಸೆಕೆ ತಡೆಯುತ್ತೀರಾ ಅಂತ ಎಲ್ಲರೂ ಕೇಳಿದ್ದರು. ಸೆಕೆ ಇದ್ದದ್ದು ನಿಜ. ಆದರೂ ಬಂದರು ಊರುಗಳನ್ನು ನೋಡಲು ಮೇ ಮೊದಲ ಎರಡು ವಾರವೇ ಸರಿ ಅನ್ನುವುದು ನನ್ನ ಅನುಭವ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಬೋಟುಗಳೆಲ್ಲ ಸುಮ್ನೆ ಕಟ್ಟಿಕೊಂಡು ನಿಂತಿರುತ್ತವೆ.

ಮಲ್ಪೆಯಲ್ಲಿ ಬೆಳಗ್ಗೆ 6ಕ್ಕೆ ಮುಂಚೆ ದಕ್ಕೆಯಲ್ಲಿರಿ, ಅಂದರೆ ಬೋಟುಗಳು ಬಂದು ನಿಲ್ಲುವ ಕಟ್ಟೆಯಲ್ಲಿ. ಉಡುಪಿಯಿಂದ 6 ಕಿ.ಮೀ. ಅಷ್ಟೇ. ಬುಟ್ಟಿ ಬುಟ್ಟಿ ಬಂಗುಡೆ ಇಳಿಯುತ್ತದೆ. ಏಲಂ ಕೂಗು, ಐಸ್ ಪುಡಿ ಮಾಡುವ ಸದ್ದು, ಮೀನು ಮಾರುವ ಹೆಂಗಸರ ಚೌಕಾಸಿ. ನೆಲ ಸದಾ ಒದ್ದೆ, ಜಾರದ ಚಪ್ಪಲಿ ಬೇಕು. ಬುಟ್ಟಿ ಹೊತ್ತು ಬರುವವರಿಗೆ ದಾರಿ ಬಿಡಿ. ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಿ, ಅದು ಅವರು ದುಡಿಯುವ ಹೊತ್ತು.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಮೊದಲ ಬೋಟಿನಲ್ಲೇ ಹೋಗಿ. ನಾವು ಮಧ್ಯಾಹ್ನ 12ಕ್ಕೆ ಹೋದೆವು. ಲಾವಾ ಆರಿ ಆದ ಆ ಕಂಬದಂಥ ಕಲ್ಲುಗಳು ಕಾವಲಿಯಂತೆ ಕಾದಿದ್ದವು. ಅಮ್ಮನಿಗೆ ತಲೆ ಸುತ್ತು ಬಂತು. ತೆಂಗಿನ ನೆರಳಲ್ಲಿ ಕೂರಿಸಿ, ನೀರು ಕುಡಿಸಿ, ಮುಂದಿನ ಬೋಟಿಗೇ ವಾಪಸ್ ಬಂದೆವು. ಆಮೇಲೆ 11ರಿಂದ 4ರವರೆಗೆ ಎಲ್ಲೂ ಬಿಸಿಲಿಗಿಳಿಯಲಿಲ್ಲ. ಊಟ, ಪುನರ್ಪುಳಿ (ಕೋಕಂ) ಶರಬತ್ತು, ನಿದ್ದೆ.

ನನಗೆ ಜಾಸ್ತಿ ಹಿಡಿಸಿದ್ದು ತದಡಿ. ಗೋಕರ್ಣಕ್ಕೆ ಬಂದವರು ಪಕ್ಕದಲ್ಲೇ ಇರುವ ಇದನ್ನು ಬಿಟ್ಟು ಹೋಗುತ್ತಾರಲ್ಲ, ಬೇಜಾರಾಗುತ್ತದೆ. ಅಘನಾಶಿನಿ ನದಿ ಕಡಲು ಸೇರುವ ಜಾಗ ಇದು. ಸಂಜೆ ಬಾರ್ಜಿನಲ್ಲಿ ಆಚೆ ದಡದ ಅಘನಾಶಿನಿ ಊರಿಗೆ ದಾಟಿ. ಬೈಕುಗಳೂ ಜೊತೆಗೇ ಹತ್ತುತ್ತವೆ. ನೀರು ಇಳಿದಿದ್ದರೆ ನದಿಯಲ್ಲಿ ಬಳಚು ಅನ್ನುವ ಚಿಪ್ಪುಮೀನು ಆಯುವವರು ಕಾಣುತ್ತಾರೆ. ಅಮ್ಮ ಕಟ್ಟೆ ಮೇಲೆ ಕೂತು ಒಂದು ಗಂಟೆ ಅದನ್ನೇ ನೋಡಿದರು. ವಾಪಸ್ ಕೊನೆಯ ಬಾರ್ಜ್ ಎಷ್ಟಕ್ಕೆ ಅಂತ ಮೊದಲೇ ಕೇಳಿಕೊಳ್ಳಿ. ತಪ್ಪಿದರೆ ಹೆದ್ದಾರಿ ಹಿಡಿದು ಸುತ್ತಿ ಬರಬೇಕು.

ಅಂಕೋಲಾದಲ್ಲಿ ರಸ್ತೆ ಬದಿ ಕರಿ ಈಶಾಡ ಮಾವು ಸಿಗುತ್ತದೆ. 2023ರಲ್ಲಿ ಜಿಐ ಟ್ಯಾಗ್, ಅಂದರೆ ಈ ಪ್ರದೇಶದ್ದೇ ಬೆಳೆ ಅನ್ನುವ ಅಧಿಕೃತ ಗುರುತು ಸಿಕ್ಕ ಹಣ್ಣು. ಸಿಪ್ಪೆ ತೆಳು, ಬೇಗ ಕೆಡುತ್ತದೆ. ಊರಿಗೆ ಒಯ್ಯುವುದಾದರೆ ಸ್ವಲ್ಪ ಗಟ್ಟಿ ಇರುವುದನ್ನೇ ಆರಿಸಿ.

ಕಾರವಾರದ ಟಾಗೋರ್ ಕಡಲತೀರ ಪೇಟೆಗೆ ಅಂಟಿಕೊಂಡೇ ಇದೆ, ವಯಸ್ಸಾದವರಿಗೂ ಸಲೀಸು. ಶಾಲೆಗೆ ರಜೆ ಇರುವ ಕಾಲ, ರೂಮು ಮತ್ತು ರೈಲಿನ ಟಿಕೆಟ್ ಏಪ್ರಿಲ್‌ಗೆ ಮುಂಚೆಯೇ ಮಾಡಿಸಿಬಿಡಿ.