ದೊಡ್ಡಪ್ಪ ತಟ್ಟಿ ನೋಡಿದ ಕಂಬ

ನಮ್ಮ ದೊಡ್ಡಪ್ಪ ಬಡಗಿ. ಯಾರ ಮನೆಗೆ ಹೋದರೂ ಮೊದಲು ಬಾಗಿಲ ಚೌಕಟ್ಟನ್ನು ನೋಡುತ್ತಾರೆ, ಆಮೇಲೆ ಮನೆಯವರನ್ನು. ಹೋದ ಡಿಸೆಂಬರಿನಲ್ಲಿ ಅವರನ್ನು ಮೈಸೂರು ಅರಮನೆಗೆ ಕರೆದುಕೊಂಡು ಹೋಗಿದ್ದೆ. ಎಪ್ಪತ್ತರ ಹತ್ತಿರ ವಯಸ್ಸು. ಅರಮನೆಯೊಳಗೆ ಕಾಲಿಟ್ಟಿದ್ದು ಅದೇ ಮೊದಲು.

ಚಪ್ಪಲಿ ಬಿಟ್ಟು ಒಳಗೆ ಹೋದೆವು. ಗೊಂಬೆ ತೊಟ್ಟಿಯಲ್ಲಿ ಅವರು ನಿಲ್ಲಲೇ ಇಲ್ಲ. ಕಲ್ಯಾಣ ಮಂಟಪಕ್ಕೆ ಬಂದಾಗ ಮಾತ್ರ ಅಲ್ಲಾಡಲಿಲ್ಲ. ಎಂಟು ಮೂಲೆಯ ಮಂಟಪ. ಮೇಲೆ ಬಣ್ಣದ ಗಾಜಿನ ಗುಮ್ಮಟ, ಗಾಜಿನ ತುಂಬ ನವಿಲು. ಎಲ್ಲರೂ ಕತ್ತೆತ್ತಿ ಅದನ್ನೇ ನೋಡುತ್ತಿದ್ದರೆ ದೊಡ್ಡಪ್ಪನ ಕಣ್ಣು ಕಂಬದ ಮೇಲೆ. ಹತ್ತಿರ ಹೋಗಿ ಬೆರಳ ಗೆಣ್ಣಿನಿಂದ ಟಣ್ ಅಂತ ತಟ್ಟಿಯೇ ಬಿಟ್ಟರು.

"ಮರ ಅಲ್ಲ ಕಣೋ ಇದು. ಕಬ್ಬಿಣ!"

ಕಾವಲಿನವನು ಸೀಟಿ ಊದಿದ. ನಾನು ಅವರ ಕೈ ಹಿಡಿದು ಈಚೆಗೆ ಎಳೆದುಕೊಂಡೆ.

ಹೌದು, ಎರಕದ ಕಬ್ಬಿಣ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಎರಕ ಹೊಯ್ದು ತರಿಸಿದ್ದು. ಮರಕ್ಕೇನು ಬರವೇ ಮೈಸೂರು ಸೀಮೆಯಲ್ಲಿ? ಬರವಲ್ಲ, ಭಯ. ಇಲ್ಲಿ ಮೊದಲಿದ್ದದ್ದು ಮರದ ಅರಮನೆ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಹೊತ್ತಿನಲ್ಲೇ ಅದಕ್ಕೆ ಬೆಂಕಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಆಗಿನ್ನೂ ಹುಡುಗ. ರಾಜ್ಯ ನೋಡಿಕೊಳ್ಳುತ್ತಿದ್ದವರು ತಾಯಿ ಕೆಂಪನಂಜಮ್ಮಣ್ಣಿ. ಗಂಡ ತೀರಿಕೊಂಡು ಮೂರು ವರ್ಷವೂ ಆಗಿರಲಿಲ್ಲ. ಮಗಳ ಮದುವೆ, ಸುಟ್ಟ ಮನೆ. ಆದರೂ ಅದೇ ವರ್ಷ ಹೊಸದಕ್ಕೆ ಕೈ ಹಾಕಿಸಿದರು ಆ ತಾಯಿ. ನಕ್ಷೆ ಹೆನ್ರಿ ಇರ್ವಿನ್‌ನದು. ಈ ಸಲ ಬೆಂಕಿಗೆ ಬಗ್ಗದ ಹಾಗೆ ಕಲ್ಲು, ಇಟ್ಟಿಗೆ, ಕಬ್ಬಿಣ. 1912ಕ್ಕೆ ಮುಗಿಯಿತು. ಖರ್ಚು 41 ಲಕ್ಷ ರೂಪಾಯಿಗೂ ಜಾಸ್ತಿ.

ದೊಡ್ಡಪ್ಪನಿಗೆ ಲಕ್ಷದ ಲೆಕ್ಕ ಬೇಕಿರಲಿಲ್ಲ. ಕಬ್ಬಿಣದ ಕಂಬಕ್ಕೆ ಮರದ ಕಂಬದ ಹಾಗೇ ಬಣ್ಣ, ಹೂಬಳ್ಳಿ ಮಾಡಿದ್ದಾರಲ್ಲ, ಅದೇ ಅವರಿಗೆ ಸರಿ ಬರಲಿಲ್ಲ. ಮುಖ ಗಂಟು ಹಾಕಿಕೊಂಡೇ ನಡೆದರು. ರಾಜರ ಖಾಸಗಿ ದರ್ಬಾರು ನಡೆಯುತ್ತಿದ್ದ ಅಂಬಾವಿಲಾಸದ ಬಾಗಿಲು ಕಂಡ ಮೇಲೆ ಗಂಟು ಸಡಿಲವಾಯಿತು. ಬೀಟೆ ಮರ, ಅದರಲ್ಲಿ ಕೊರೆದು ಕೂರಿಸಿದ ದಂತ. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಮೂಗು ತಾಗುವಷ್ಟು ಬಗ್ಗಿದರು. "ಸಂದು ಎಲ್ಲಿದೆ ತೋರಿಸು ನೋಡೋಣ" ಅಂದರು. ನನಗೆ ಕಾಣಲಿಲ್ಲ. ಹಿಂದಿನ ಜನ ತಳ್ಳುವವರೆಗೂ ಅಲ್ಲೇ ಇದ್ದೆವು.

ಹೊರಗೆ ಬಂದ ಮೇಲೆ ಸುಮ್ನೆ ನಿಂತಿದ್ದವರು ಕೇಳಿದರು: "ಸುಟ್ಟು ಹೋಯ್ತಲ್ಲ, ಅದನ್ನ ಕಟ್ಟಿದ್ದು ಯಾವಾಗ?"

"1803ರಲ್ಲಿ, ದೊಡ್ಡಪ್ಪ."

ಬೆರಳು ಮಡಚಿ ಲೆಕ್ಕ ಹಾಕಿದರು. "ಹಂಗಾದ್ರೆ ಅದನ್ನ ಕಟ್ಟಿದ ಬಡಗಿಗಳು ಯಾರೂ ಇರಲಿಲ್ಲ ಬಿಡು, ಉರಿಯೋದು ನೋಡೋಕೆ" ಅಂದು ಚಪ್ಪಲಿ ಬಿಟ್ಟ ಕಡೆ ಹೊರಟರು.