ಹಾರ್ಮೋನ್ ಚಿಕಿತ್ಸೆಯ ಅಪಾಯ: ಯಾರಿಗೆ, ಎಷ್ಟು?

ಮುಟ್ಟು ನಿಂತು ಒಂದು ವರ್ಷ ದಾಟಿದ ಮೇಲೂ ರಾತ್ರಿ ನಾಲ್ಕೈದು ಬಾರಿ ಎಚ್ಚರವಾಗುವುದು ನನಗೆ ತಪ್ಪಿರಲಿಲ್ಲ. ಎದೆಯಿಂದ ಹೊರಟ ಬಿಸಿ ಕುತ್ತಿಗೆಗೆ, ಕಿವಿಗೆ ಏರಿ ಬೆನ್ನೆಲ್ಲ ಒದ್ದೆಯಾಗುತ್ತಿತ್ತು. ಹೊದಿಕೆ ಕಿತ್ತೆಸೆದ ಕೆಲವೇ ನಿಮಿಷಗಳಲ್ಲಿ ಅದೇ ಬೆವರು ತಣ್ಣಗಾಗಿ, ನಡುಗುತ್ತ ಮತ್ತೆ ಹೊದಿಕೆಗಾಗಿ ತಡಕಾಡಬೇಕಾಗುತ್ತಿತ್ತು. ಮುಟ್ಟು ನಿಂತ ಮೇಲೆ ಕುಗ್ಗುವ ಹಾರ್ಮೋನನ್ನು ಔಷಧಿಯಾಗಿ ಕೊಡುವ ಹಾರ್ಮೋನ್ ಚಿಕಿತ್ಸೆಯ ಮಾತನ್ನು ವೈದ್ಯೆ ಎತ್ತಿದಾಗ ‘ಅದರಿಂದ ಕ್ಯಾನ್ಸರ್ ಬರುತ್ತದಲ್ಲವೇ?’ ಎಂದೆ. ಅವರು ಹೌದೆಂದೂ ಅಲ್ಲವೆಂದೂ ಹೇಳದೆ, ಯಾವ ಹಾರ್ಮೋನಿನಿಂದ, ಯಾರಿಗೆ, ಎಷ್ಟು ಮಂದಿಗೆ ಎಂಬುದನ್ನು ಮೊದಲು ತಿಳಿದುಕೊಳ್ಳಿ ಎಂದರು.

ನನ್ನ ಭಯದ ಮೂಲ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಅಧ್ಯಯನದಲ್ಲಿತ್ತು. ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನುಗಳನ್ನೂ ಸೇರಿಸಿ ಕೊಟ್ಟ ಅದರ ಒಂದು ಭಾಗದಲ್ಲಿ 16,608 ಮಹಿಳೆಯರಿದ್ದರು. ಅದನ್ನು 2002ರ ಜುಲೈನಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಸ್ತನ ಕ್ಯಾನ್ಸರ್ ಶೇ. 26ರಷ್ಟು ಹೆಚ್ಚಿತೆಂಬ ಸುದ್ದಿಯೇ ಎಲ್ಲರ ನೆನಪಿನಲ್ಲಿ ಉಳಿಯಿತು. ಅದೇ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ಹೇಳಿದರೆ, ವರ್ಷಕ್ಕೆ 10,000 ಮಹಿಳೆಯರಲ್ಲಿ 30 ಮಂದಿಗೆ ಬರುತ್ತಿದ್ದ ಕಾಯಿಲೆ 38 ಮಂದಿಗೆ ಬಂದಿತ್ತು. ಪಾರ್ಶ್ವವಾಯು ಹಾಗೂ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವ ಪ್ರಕರಣಗಳೂ ಅದೇ 10,000ಕ್ಕೆ ತಲಾ 8ರಷ್ಟು ಹೆಚ್ಚಿದ್ದವು, ಸೊಂಟದ ಮೂಳೆ ಮುರಿತ 5ರಷ್ಟು ಕಡಿಮೆಯಾಗಿತ್ತು. ಎಂಟು ಮಂದಿಯೆಂದರೆ ಏನೂ ಅಲ್ಲವೆಂದು ನಾನು ಹೇಳಲಾರೆ, ಆದರೆ ಶೇ. 26 ಎಂದಾಗ ನನ್ನ ಮನಸ್ಸಿನಲ್ಲಿ ಮೂಡಿದ್ದ ಚಿತ್ರ ಇದಾಗಿರಲಿಲ್ಲ. ಅಲ್ಲದೆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63 ಆಗಿತ್ತು. ಈಗಿನ ಮಾರ್ಗಸೂಚಿಗಳು ಅರುವತ್ತರೊಳಗೆ ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ ಚಿಕಿತ್ಸೆ ಆರಂಭಿಸುವವರನ್ನು ಬೇರೆಯಾಗಿಯೇ ನೋಡುತ್ತವೆ.

ಗರ್ಭಕೋಶ ಇದೆಯೇ ಇಲ್ಲವೇ ಎಂಬುದು ಇನ್ನೂ ದೊಡ್ಡ ವ್ಯತ್ಯಾಸ. ಗರ್ಭಕೋಶ ಇರುವವರಿಗೆ ಈಸ್ಟ್ರೋಜೆನ್ ಒಂದನ್ನೇ ಕೊಟ್ಟರೆ ಅದರ ಒಳಪದರ ಅತಿಯಾಗಿ ಬೆಳೆದು ಕ್ಯಾನ್ಸರಿಗೆ ದಾರಿಯಾಗಬಹುದು ಎಂಬುದು 1975ರಲ್ಲೇ ಬೆಳಕಿಗೆ ಬಂದಿತ್ತು. ಪ್ರೊಜೆಸ್ಟಿನ್ ಸೇರಿಸುವುದೇ ಅದಕ್ಕಾಗಿ. ಗರ್ಭಕೋಶ ತೆಗೆಸಿಕೊಂಡಿದ್ದು ಈಸ್ಟ್ರೋಜೆನ್ ಮಾತ್ರ ಪಡೆದವರಲ್ಲಿ ಅದೇ ಅಧ್ಯಯನಕ್ಕೆ ಸ್ತನ ಕ್ಯಾನ್ಸರಿನ ಹೆಚ್ಚಳ ಕಾಣಲಿಲ್ಲ, ಪಾರ್ಶ್ವವಾಯುವಿನದು ಕಂಡಿತು. ಔಷಧಿ ದೇಹ ಸೇರುವ ದಾರಿಯೂ ಮುಖ್ಯ: ನುಂಗಿದ ಮಾತ್ರೆ ಮೊದಲು ಯಕೃತ್ತಿಗೆ ಹೋಗಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ, ಚರ್ಮಕ್ಕೆ ಅಂಟಿಸುವ ಪ್ಯಾಚ್ ಅಥವಾ ಹಚ್ಚುವ ಜೆಲ್ ಆ ಹಾದಿ ಹಿಡಿಯುವುದಿಲ್ಲ. ಯೋನಿಯ ಶುಷ್ಕತೆಯೊಂದೇ ತೊಂದರೆಯಾದರೆ ಅಲ್ಲಿಗೇ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜೆನ್ ಕ್ರೀಮು ಸಾಕು. ಅದು ರಕ್ತಕ್ಕೆ ಸೇರುವುದು ಅತ್ಯಲ್ಪ.

ಇಷ್ಟೆಲ್ಲ ಓದಿ ಧೈರ್ಯ ತಂದುಕೊಂಡು ಹೋದವಳಿಗೆ, ಎರಡನೆಯ ಹೆರಿಗೆಯ ನಂತರ ಎಡಗಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು ನೆನಪಾದದ್ದು ವೈದ್ಯೆ ಹಳೆಯ ಕಾಯಿಲೆಗಳನ್ನು ಒಂದೊಂದಾಗಿ ವಿಚಾರಿಸಿದಾಗ. ಮಾತ್ರೆಯ ಮಾತು ಅಲ್ಲಿಗೇ ನಿಂತಿತು. ಪ್ಯಾಚ್ ಬಗ್ಗೆ ತಜ್ಞರನ್ನು ಕೇಳಬಹುದಿತ್ತು, ನಾನೇ ಬೇಡವೆಂದೆ. ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು ಆಗಿದ್ದವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಸಾಮಾನ್ಯವಾಗಿ ಹಾರ್ಮೋನು ಕೊಡುವುದಿಲ್ಲ.

ಬದಲಿ ದಾರಿಗಳಲ್ಲಿ ಖಿನ್ನತೆಗೆ ಕೊಡುವ ಕೆಲವು ಔಷಧಿಗಳು ಕಡಿಮೆ ಪ್ರಮಾಣದಲ್ಲಿ ಮೈಬಿಸಿಯನ್ನು ತಗ್ಗಿಸುತ್ತವೆ. ಇವುಗಳಲ್ಲಿ ಪ್ಯಾರೊಕ್ಸೆಟಿನ್, ಸ್ತನ ಕ್ಯಾನ್ಸರಿನ ಔಷಧಿಯಾದ ಟಾಮಾಕ್ಸಿಫೆನ್‌ನ ಪರಿಣಾಮವನ್ನು ಕುಗ್ಗಿಸಬಹುದಾದ್ದರಿಂದ ಟಾಮಾಕ್ಸಿಫೆನ್ ನುಂಗುತ್ತಿರುವವರು ಎಚ್ಚರದಿಂದಿರಬೇಕು. ಮಿದುಳಿನಲ್ಲಿ ದೇಹದ ತಾಪ ನಿಯಂತ್ರಿಸುವ ನರಕೋಶಗಳ ಮೇಲೆಯೇ ಕೆಲಸ ಮಾಡುವ ಔಷಧಿಯಾದ ಫೆಜೊಲಿನೆಟಾಂಟ್‌ಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ದೊರೆಯಿತು. ಅದಕ್ಕೆ ಆಗಾಗ ಯಕೃತ್ತಿನ ಪರೀಕ್ಷೆ ಬೇಕು. ಸೋಯಾ ಸಾರ, ಬ್ಲ್ಯಾಕ್ ಕೊಹೋಶ್ ಎಂಬ ಮೂಲಿಕೆ ಮುಂತಾದ ‘ನೈಸರ್ಗಿಕ’ ಮಾತ್ರೆಗಳ ಬಗ್ಗೆ ನನಗೆ ನಂಬಿಕೆ ಕಡಿಮೆ. ಔಷಧಿಯೇ ಇಲ್ಲದ ಖಾಲಿ ಮಾತ್ರೆ ಕೊಟ್ಟರೂ ಹಲವರಿಗೆ ಬಿಸಿ ಕಡಿಮೆಯಾದಂತೆನಿಸುವಾಗ ಗುಣ ಯಾವುದರದ್ದೆಂದು ಹೇಳುವುದು ಕಷ್ಟ.

ನಾನು ಖಿನ್ನತೆಯ ಆ ಔಷಧಿಗಳಲ್ಲೊಂದಾದ ವೆನ್ಲಾಫ್ಯಾಕ್ಸಿನ್ ಆರಿಸಿಕೊಂಡೆ. ಮೊದಲ ವಾರ ವಾಕರಿಕೆಯಿತ್ತು, ರಕ್ತದೊತ್ತಡ ನೋಡಿಕೊಳ್ಳುತ್ತಿದ್ದೇನೆ, ತಟ್ಟನೆ ನಿಲ್ಲಿಸಬಾರದೆಂಬುದೂ ಗೊತ್ತಿದೆ. ಹಾಸಿಗೆಯ ಪಕ್ಕದ ನೋಟ್‌ಬುಕ್ಕಿನಲ್ಲಿ ಎಚ್ಚರವಾದಾಗಲೆಲ್ಲ ಹಾಕುವ ಗೀಟುಗಳು ಆರನೆಯ ವಾರಕ್ಕೆ ಐದರಿಂದ ಎರಡಕ್ಕೆ ಇಳಿದಿವೆ. ಆದರೆ ಹಾರ್ಮೋನು ಮಾಡುತ್ತಿದ್ದ ಮೂಳೆಯ ರಕ್ಷಣೆಯನ್ನು ಈ ಮಾತ್ರೆ ಮಾಡುವುದಿಲ್ಲವಾದ್ದರಿಂದ, ಮುಂದಿನ ತಿಂಗಳು ಮೂಳೆ ಸಾಂದ್ರತೆಯ ಸ್ಕ್ಯಾನಿಗೆ ದಿನ ಗೊತ್ತುಮಾಡಿಕೊಂಡಿದ್ದೇನೆ.